ನಾನು ಹೇಳುವವರೆಗೆ ಇಡಬೇಡಿ

ಮಾರ್ಚ್ 3, ಸೋಮವಾರ

ಮನೆಯಲ್ಲಿ ನನ್ನ ಜೊತೆ ಮಾತಾಡುವವರು ಸದ್ಯಕ್ಕೆ ಯಾರೂ ಇಲ್ಲದ ಕಾರಣ ಈ ನೋಟ್‌ಬುಕ್ಕಿನ ಜೊತೆ ಮಾತಾಡುತ್ತಿದ್ದೇನೆ. ಇದು ಮಧ್ಯೆ ಬಾಯಿ ಹಾಕುವುದಿಲ್ಲ, ಅದೊಂದು ಅನುಕೂಲ.

ಮೊದಲು ಆಫೀಸು. ಇವತ್ತು ಕಂಪನಿಯ ದೊಡ್ಡವರು ಕೋಣೆಗೆ ಕರೆಸಿದರು. ನಮ್ಮದು ಕನ್ನಡಕದ ಅಂಗಡಿಗಳಿಗೆ ಗಾಜು ಕಳಿಸುವ ಕಂಪನಿ. ಅಂಗಡಿಯವರು ಫೋನಿನಲ್ಲಿ ನಂಬರ್ ಹೇಳುತ್ತಾರೆ, ಮೂರನೇ ಮಹಡಿಯಲ್ಲಿ ಬರೆದುಕೊಳ್ಳುತ್ತಾರೆ, ನೆಲಮಾಳಿಗೆಯ ಉಗ್ರಾಣದಿಂದ ಗಾಜು ಹೋಗುತ್ತದೆ. ಮೊಬೈಲುಗಳನ್ನು ಬಾಗಿಲಲ್ಲೇ ಕೊಟ್ಟು ಒಳಗೆ ಬರಬೇಕು, ಹಾಗಾಗಿ ಏನಿದ್ದರೂ ಆಫೀಸಿನ ಫೋನಿನಲ್ಲೇ. ನಾಲ್ಕು ತಿಂಗಳ ಹಿಂದೆ ತಂತಿಗಳನ್ನು ಕಿತ್ತು ಎಲ್ಲರ ಕೈಗೂ ಕಾರ್ಡ್‌ಲೆಸ್ ಕೊಟ್ಟರು. ಅವುಗಳ ಜೊತೆಗೆ ಬಂದ ಸಾಮಾನು ನಾನು.

“ದಿನಕ್ಕೆ ಹದಿನಾಲ್ಕು ಸಲ ಎಂಗೇಜ್ ಬರ್ತಿದೆಯಂತೆ,” ಎಂದರು ದೊಡ್ಡವರು. “ಮೂವತ್ತೊಂದನೇ ತಾರೀಖಿಗೆ ಅದು ಸೊನ್ನೆ ಆಗಿರ್ಬೇಕು. ಆಗ್ಲಿಲ್ಲ ಅಂದ್ರೆ ತಂತಿ ವಾಪಸ್ ಬರುತ್ತೆ. ತಂತಿ ಬಂದ ಮೇಲೆ ನೀವ್ಯಾಕೆ?”

ಮೂರನೇ ಮಹಡಿಯ ಚಾವಣಿಯಲ್ಲಿ ಊಟದ ಡಬ್ಬಿಯಷ್ಟು ದೊಡ್ಡ ಬೇಸ್ ಒಂದಿದೆ. ಆ ಮಹಡಿಯ ಫೋನುಗಳೆಲ್ಲ ಅದರ ಮೂಲಕವೇ ಮಾತಾಡಬೇಕು. ಅದು ಎಂಟು ಜನ ಕೂರುವ ಬೆಂಚು ಇದ್ದ ಹಾಗೆ, ಒಂಬತ್ತನೆಯ ಕರೆ ಬಂದರೆ ಜಾಗವಿಲ್ಲ ಎಂದು ಅವರಿಗೆ ವಿವರಿಸಿದೆ. ಧ್ವನಿ ತುಂಬಾ ಸ್ಪಷ್ಟವಾಗಿ ಬೇಕೆಂದರೆ ಒಂದೊಂದು ಕರೆಯೂ ಇಬ್ಬರ ಜಾಗ ಹಿಡಿಯುತ್ತದೆ, ಆಗ ನಾಲ್ಕೇ ಕರೆ. “ಸ್ಪಷ್ಟವಾಗೂ ಇರ್ಲಿ, ಎಂಟೂ ಇರ್ಲಿ,” ಎಂದರು. ಅದೇ ಮಹಡಿಯ ಅವರ ಕೋಣೆಯಲ್ಲಿ ಅವರೊಬ್ಬರಿಗೇ ಬೇರೆ ಬೇಸ್ ಇದೆ. ಎಂಟು ಜನರ ಬೆಂಚಿನಲ್ಲಿ ಒಬ್ಬರೇ ಕಾಲು ಚಾಚಿ ಕೂತಿದ್ದಾರೆ. ಅದನ್ನು ಮುಟ್ಟುವ ಹಾಗಿಲ್ಲ.

ಇನ್ನು ಮನೆ. ಕಳೆದ ಶುಕ್ರವಾರ ಹನ್ನೊಂದೂವರೆಗೆ ನನ್ನವಳು ಆಫೀಸಿಗೆ ಫೋನ್ ಮಾಡಿದಳು. ಬೆಂಚು ತುಂಬಿತ್ತು, ನಾನು ಏಣಿಯ ಮೇಲಿದ್ದೆ. “ಏನು ವಿಷಯ? ಮೂವತ್ತು ಸೆಕೆಂಡಲ್ಲಿ ಹೇಳು,” ಎಂದೆ. ಸುಮ್ಮನಿದ್ದಳು. ಅವಳಿಗೆ ಅನುಕೂಲವಾಗಲಿ ಎಂದು ನಾನೇ ಎಣಿಸಿದೆ: ಇಪ್ಪತ್ತು, ಹದಿನೈದು, ಹತ್ತು. ಐದಕ್ಕೆ ಬರುವ ಮೊದಲೇ ಇಟ್ಟುಬಿಟ್ಟಳು. ಅಂದಿನಿಂದ ಮಾತಿಲ್ಲ. ಏನು ಹೇಳುವುದಿತ್ತೋ ಗೊತ್ತಿಲ್ಲ. ಮುಖ್ಯವಾದದ್ದಾಗಿದ್ದರೆ ಹತ್ತು ಸೆಕೆಂಡು ಧಾರಾಳವಾಗಿ ಸಾಕಿತ್ತು. ನಾನು ಏನೇ ಹೇಳುವುದಿದ್ದರೂ ಮೂವತ್ತರೊಳಗೆ ಮುಗಿಸುತ್ತೇನೆ.

ಈಗ ನಮ್ಮಿಬ್ಬರ ನಡುವಿನ ಮಾತೆಲ್ಲ ಅವಳ ತಾಯಿಯ ಮೂಲಕ ಬರುತ್ತದೆ. ಅತ್ತೆಯವರು ನಮ್ಮ ಜೊತೆಗೇ ಇದ್ದಾರೆ. ರಾತ್ರಿ ಬಾಗಿಲಲ್ಲಿ ನಿಂತು, “ಅಳಿಯಂದ್ರೇ, ಊಟಕ್ಕೆ ಬರ್ಬೇಕಂತೆ. ಬರದಿದ್ರೂ ನಷ್ಟ ಇಲ್ಲವಂತೆ. ಎರಡನೇದು ನಾನು ಸೇರಿಸಿದ್ದು,” ಎಂದರು.

ಈ ಮಾರ್ಗದ ಗುಣಮಟ್ಟ ಐದಕ್ಕೆ ಎರಡು. ತಡವಿದೆ, ಪ್ರತಿಧ್ವನಿಯಿದೆ, ಮೂಲದಲ್ಲಿ ಇಲ್ಲದ ಮಾತೂ ಬಂದು ಸೇರುತ್ತದೆ.

ಮಾರ್ಚ್ 5, ಬುಧವಾರ

ಮೂರನೇ ಮಹಡಿಯ ಗೋಡೆಗೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆ: “ಮಾತು ಬೆಳ್ಳಿ, ಮೌನ ಬಂಗಾರ. ಕರೆ ಚಿಕ್ಕದಿರಲಿ.” ಎಲ್ಲರೂ ಓದಿದರು. ಓದಿದ್ದನ್ನು ಫೋನಿನಲ್ಲಿ ಬೇರೆಯವರಿಗೆ ಓದಿ ಹೇಳಿದರು. ಇವತ್ತು ಜಾಗ ಸಿಗದ ಕರೆಗಳು ಹದಿನೇಳು.

ಮಾರ್ಚ್ 10, ಸೋಮವಾರ

ಕಳ್ಳ ಸಿಕ್ಕಿಬಿದ್ದ. ಯಾವ ಕರೆ ಎಷ್ಟು ಹೊತ್ತು ನಡೆಯಿತು ಎಂದು ಯಂತ್ರ ತಾನೇ ಬರೆದಿಟ್ಟುಕೊಳ್ಳುತ್ತದೆ. ಇಷ್ಟು ದಿನ ನಾನು ಎಂಗೇಜ್ ಆದ ಕರೆಗಳನ್ನಷ್ಟೇ ನೋಡುತ್ತಿದ್ದೆ. ಇವತ್ತು ಉದ್ದದ ಕರೆಗಳನ್ನು ನೋಡಿದೆ. ಒಂದು ಕರೆ ದಿನವೂ ಎಂಟೂವರೆ ಗಂಟೆ ನಡೆಯುತ್ತಿದೆ. ಬೆಳಿಗ್ಗೆ ಒಂಬತ್ತಕ್ಕೆ ಶುರು, ಸಂಜೆ ಐದೂವರೆಗೆ ಮುಕ್ತಾಯ. ಮೂರನೇ ಮಹಡಿಯ ಆರ್ಡರ್ ಮೇಜಿಗೂ ನೆಲಮಾಳಿಗೆಯ ಉಗ್ರಾಣಕ್ಕೂ ನಡುವೆ. ನಾಲ್ಕು ತಿಂಗಳಿನಿಂದ, ಒಂದು ದಿನವೂ ತಪ್ಪದೆ.

ಇನ್ನೊಂದು ವಿಚಿತ್ರ. ಒಂದು ದಿನ ಮೇಲಿನಿಂದ ಕೆಳಕ್ಕೆ ಕರೆ ಹೋಗಿದೆ, ಮರುದಿನ ಕೆಳಗಿನಿಂದ ಮೇಲಕ್ಕೆ. ಸರದಿ ಒಮ್ಮೆಯೂ ತಪ್ಪಿಲ್ಲ. ಎಂಟೂವರೆ ಗಂಟೆ ಮಾತಾಡುವ ಇಂಥ ಹರಟೆಮಲ್ಲರು ಯಾರಿರಬಹುದು?

ಮಾರ್ಚ್ 11, ಮಂಗಳವಾರ

ಸ್ವಾಗತದ ಮೇಜಿನ ಅಕ್ಕನನ್ನು ಕೇಳಿದೆ. ಅವರು ಕುರ್ಚಿಯಿಂದ ಬೀಳುವಷ್ಟು ನಕ್ಕರು.

“ಅವರಿಬ್ರಾ? ಅವರು ಮಾತು ಬಿಟ್ಟು ಹನ್ನೊಂದು ವರ್ಷ ಆಯ್ತಲ್ಲ.”

ಅಕ್ಕ ಹೇಳಿದ ಕಥೆ ಇದು. ಆರ್ಡರ್ ಬರೆಯುವ ಗುಮಾಸ್ತರನ್ನು ಎಲ್ಲರೂ ‘ಮೇಲಿನವರು’ ಎನ್ನುತ್ತಾರೆ, ಉಗ್ರಾಣದವರನ್ನು ‘ಕೆಳಗಿನವರು’ ಎನ್ನುತ್ತಾರೆ. ಮೊದಲು ಇಬ್ಬರೂ ಅಕ್ಕಪಕ್ಕದ ಮೇಜಿನವರು. ಇಪ್ಪತ್ತು ವರ್ಷ ಒಂದೇ ಡಬ್ಬಿಯಲ್ಲಿ ಉಂಡವರು. ಒಂದು ದಿನ ಒಬ್ಬ ಗಿರಾಕಿಗೆ ಮೈನಸ್ ಗಾಜಿನ ಬದಲು ಪ್ಲಸ್ ಗಾಜು ಹೋಯಿತು. ಆ ಮನುಷ್ಯ ಕನ್ನಡಕ ಹಾಕಿಕೊಂಡು ಹೊರಟವನು ಪಕ್ಕದ ಅಂಗಡಿಯ ಗಾಜಿನ ಬಾಗಿಲಿಗೆ ಹೋಗಿ ಡಿಕ್ಕಿ ಹೊಡೆದ. ಚೀಟಿಯಲ್ಲಿ ಪ್ಲಸ್ ಇತ್ತು ಎಂದು ಕೆಳಗಿನವರು, ಮೈನಸ್ ಬರೆದಿದ್ದೆ, ಅದರ ಮೇಲೆ ಶಾಯಿ ಹರಿದಿತ್ತು ಎಂದು ಮೇಲಿನವರು. ಎತ್ತು ಏರಿಗೆ, ಕೋಣ ನೀರಿಗೆ. ಕೆಳಗಿನವರು ಬೇಕೆಂದೇ ನೆಲಮಾಳಿಗೆಗೆ ವರ್ಗ ಮಾಡಿಸಿಕೊಂಡರು. ಆ ಚೀಟಿ ಈಗಲೂ ಕೆಳಗಿನವರ ಮೇಜಿನ ಗಾಜಿನಡಿ ಸಾಕ್ಷಿಯಾಗಿ ಕೂತಿದೆ. ಕೆಲಸವೆಲ್ಲ ಹಗ್ಗದ ಪೆಟ್ಟಿಗೆಯಲ್ಲೇ. ಮೇಲಿನವರು ಆರ್ಡರ್ ಚೀಟಿ ಹಾಕಿ ರಾಟೆಯಿಂದ ಕೆಳಗೆ ಬಿಡುತ್ತಾರೆ, ಕೆಳಗಿನವರು ಗಾಜಿನ ಪೊಟ್ಟಣ ಇಟ್ಟು ಮೇಲೆ ಎಳೆಯುತ್ತಾರೆ.

ಮಾತು ಬಿಟ್ಟವರು ದಿನಕ್ಕೆ ಎಂಟೂವರೆ ಗಂಟೆ ಫೋನಿನಲ್ಲಿ ಏನು ಮಾಡುತ್ತಾರೆ?

ಮಾರ್ಚ್ 12, ಬುಧವಾರ

ಧ್ವನಿ ಪರೀಕ್ಷೆಗೆಂದು ಯಾವ ಕರೆಯನ್ನಾದರೂ ಅರ್ಧ ನಿಮಿಷ ಕೇಳುವ ಅಧಿಕಾರ ನನಗಿದೆ. ಕೇಳಿದೆ. ಏನೂ ಇಲ್ಲ. ಅಂದರೆ ಮಾತಿಲ್ಲ. ಕೆಳಗೆ ಗಾಜಿನ ಖಾನೆ ಎಳೆಯುವ ಸದ್ದು, ಮುಚ್ಚುವ ಸದ್ದು. ಮೇಲೆ ಪೆನ್ನಿನ ಕರಕರ, ಕುರ್ಚಿಯ ಕಿರ್ರು. ಆಮೇಲೆ ಕೆಳಗಿನವರು ಎರಡು ಸಲ ಕೆಮ್ಮಿದರು. ಮೇಲೆ ಡ್ರಾಯರ್ ತೆಗೆದ ಸದ್ದು, ರಾಟೆ ತಿರುಗಿದ ಸದ್ದು. ಸ್ವಲ್ಪ ಹೊತ್ತಿಗೆ ಕೆಳಗೆ ಯಾವುದೋ ಕಾಗದ ಬಿಚ್ಚಿ ಏನನ್ನೋ ಬಾಯಿಗೆ ಹಾಕಿಕೊಂಡು ಚೀಪುವ ಸದ್ದು. ಕೆಮ್ಮು ನಿಂತಿತು.

ಧ್ವನಿಯ ಗುಣಮಟ್ಟ ಐದಕ್ಕೆ ಐದು. ವಿಷಯ ಸೊನ್ನೆ. ಎಂಟರಲ್ಲಿ ಒಂದು ಜಾಗವನ್ನು ಈ ಖಾಲಿ ಕರೆ ನುಂಗುತ್ತಿದೆ, ಅದೂ ನನ್ನ ಕೆಲಸ ತೂಗುಯ್ಯಾಲೆಯಲ್ಲಿ ಇರುವಾಗ.

ಅರ್ಧ ನಿಮಿಷ ಎಂದುಕೊಂಡಿದ್ದೆ, ನೋಡಿದರೆ ಹನ್ನೊಂದು ನಿಮಿಷ ಆಗಿತ್ತು. ಗೋಡೆ ಗಡಿಯಾರ ಮುಂದಕ್ಕೆ ಓಡುತ್ತಿದೆ, ಸರಿಮಾಡಿಸಬೇಕು.

ಮಾರ್ಚ್ 14, ಶುಕ್ರವಾರ

ಕಾಲು ಸೋತು ಹೋಗಿದೆ. ಬೆಳಿಗ್ಗೆ ಮೇಲಿನವರ ಬಳಿಗೆ ಹೋದೆ. ತೆಳ್ಳಗಿನ ಮನುಷ್ಯ, ಅಂಗಿಯ ತೋಳಿಗೆ ಶಾಯಿ ತಾಗದಂತೆ ಬಟ್ಟೆಯ ಪಟ್ಟಿ. ಫೋನು ಮೇಜಿನ ಮೇಲೆ ಮಲಗಿದೆ, ದೀಪ ಉರಿಯುತ್ತಿದೆ.

“ಸರ್, ಈ ಕಾಲ್ ಯಾಕೆ ದಿನಾ ಹೀಗೆ ತೆರೆದೇ ಇರುತ್ತೆ?”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನೀವೇ ಹೇಳಿದ್ದಲ್ವಾ? ಫೋನ್ ಕೊಟ್ಟ ಮೊದಲನೇ ದಿನ. ಎಲ್ರೂ ಪಟ್ಟಿಯಲ್ಲಿರೋರಿಗೆ ಫೋನ್ ಮಾಡಿ, ಪರೀಕ್ಷೆ ಇದು, ನಾನು ಹೇಳೋವರೆಗೆ ಇಡಬೇಡಿ ಅಂದ್ರಿ. ನನ್ನ ಹೆಸರಿನ ಮುಂದೆ ಉಗ್ರಾಣ ಅಂತಿತ್ತು. ಮಾಡ್ದೆ. ನೀವು ಇಡಿ ಅಂತ ಇನ್ನೂ ಹೇಳಿಲ್ಲ.”

ನಿಜ. ಅಂದು ಮಹಡಿ ಮಹಡಿಗೂ ಹೋಗಿ “ಇನ್ನು ಇಡಿ” ಎಂದು ಹೇಳಿ ಬಂದಿದ್ದೆ. ಈ ಮೂಲೆಯ ಮೇಜನ್ನೂ ನೆಲಮಾಳಿಗೆಯನ್ನೂ ಮರೆತಿದ್ದೆ.

“ಆದ್ರೆ ಅದು ಒಂದು ದಿನದ ಪರೀಕ್ಷೆ ಸರ್.”

“ಒಂದು ದಿನದ್ದು ಅಂತ ನೀವು ಹೇಳ್ಲಿಲ್ಲ. ಸಂಜೆ ಚಾರ್ಜಿಗೆ ಇಟ್ರೆ ಕಟ್ ಆಗುತ್ತೆ, ಬೆಳಿಗ್ಗೆ ಮತ್ತೆ ಜೋಡಿಸ್ತೀವಿ. ಕೆಲಸ ಅಂದ ಮೇಲೆ ಅಚ್ಚುಕಟ್ಟಾಗಿರ್ಬೇಕು.” ಗೋಡೆಯ ಕಡೆ ಬೆರಳು ತೋರಿಸಿದರು. “ಅದೂ ನೀವೇ ಅಂಟಿಸಿದ್ದು. ಮೌನ ಬಂಗಾರ. ನಾವಿಬ್ರೂ ನಾಲ್ಕು ತಿಂಗಳಲ್ಲಿ ಒಂದು ಅಕ್ಷರ ಆಡಿಲ್ಲ.”

“ಸರಿ ಸರ್. ಪರೀಕ್ಷೆ ಮುಗೀತು. ಈಗ ಇಡಿ.”

“ಕೆಳಗಿನವರಿಗೂ ಹೇಳಿ. ಅವ್ರು ಇಟ್ಟ ಮೇಲೆ ನಾನು ಇಡ್ತೀನಿ.”

ಲಿಫ್ಟು ನೆಲಮಾಳಿಗೆಗೆ ಹೋಗುವುದಿಲ್ಲ. ಎಂಬತ್ತೆಂಟು ಮೆಟ್ಟಿಲು ಇಳಿದೆ. ಕೆಳಗಿನವರು ದಪ್ಪಗಿನ ಆಸಾಮಿ, ಕುತ್ತಿಗೆಗೆ ಮಫ್ಲರು. ಮೇಜಿನ ಗಾಜಿನಡಿ ಆ ಹಳದಿಯಾದ ಚೀಟಿ, ಚೀಟಿಯ ಮೇಲೆ ಸರಿಯಾಗಿ ಫೋನು. “ಮೊದ್ಲು ಅವ್ರು ಇಡ್ಲಿ,” ಎಂದರು. ಹತ್ತಿದೆ. “ಹಾಗಂದ್ರಾ? ಹಾಗಾದ್ರೆ ನಾನಂತೂ ಇಡೋದಿಲ್ಲ,” ಎಂದರು ಮೇಲಿನವರು. ಇಳಿದೆ. “ನಾನು ಮೂರು ಅಂತೀನಿ, ಇಬ್ರೂ ಒಟ್ಟಿಗೆ ಇಡಿ,” ಎಂದೆ. “ಅವ್ರು ಎರಡಕ್ಕೇ ಇಟ್ರೆ?” ಎಂದರು ಕೆಳಗಿನವರು. ಹೀಗೆ ನಾಲ್ಕು ಸಲ ಹತ್ತಿ ಇಳಿದೆ. ಸಂಜೆ ಐದೂವರೆಗೆ ಎಂದಿನಂತೆ ಅವರಾಗಿಯೇ ಚಾರ್ಜಿಗೆ ಇಟ್ಟು ಮನೆಗೆ ಹೋದರು.

ನನ್ನವಳಿಗೆ ಇದನ್ನು ಹೇಳಿದ್ದರೆ ನಗುತ್ತಿದ್ದಳು. ಅತ್ತೆಯವರ ಮೂಲಕ ಕಳಿಸುವಷ್ಟು ಚಿಕ್ಕ ಕಥೆಯಲ್ಲ ಇದು.

ಮಾರ್ಚ್ 17, ಸೋಮವಾರ

ಯಂತ್ರಕ್ಕೆ ಒಂದು ಆಜ್ಞೆ ಕೊಟ್ಟೆ: ಹತ್ತು ನಿಮಿಷ ಯಾರೂ ಮಾತಾಡದ ಕರೆಯನ್ನು ತಾನೇ ಕತ್ತರಿಸು. ಜಗಳವಿಲ್ಲ, ಮೆಟ್ಟಿಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಾಳೆ ಬೆಳಗಿನಿಂದ ಜಾರಿ.

ಮಾರ್ಚ್ 18, ಮಂಗಳವಾರ

ಜಾಗ ಸಿಗದ ಕರೆಗಳು: ಎರಡು. ದೊಡ್ಡವರು ನೋಡಿ ತಲೆಯಾಡಿಸಿದರು. ಕೆಲಸ ಉಳಿದ ಹಾಗೇ.

ಮಾರ್ಚ್ 20, ಗುರುವಾರ

ಮೂವತ್ತೊಂದು. ತಾರೀಖಲ್ಲ, ಜಾಗ ಸಿಗದ ಕರೆಗಳು.

ನಡೆದದ್ದು ಇಷ್ಟು. ಮೊನ್ನೆ ಒಂಬತ್ತು ಗಂಟೆ ಹನ್ನೆರಡು ನಿಮಿಷಕ್ಕೆ ಯಂತ್ರ ಆ ಕರೆಯನ್ನು ಕತ್ತರಿಸಿತು. ಕೆಳಗಿನವರೇ ಇಟ್ಟರು ಎಂದು ಮೇಲಿನವರು ಅಂದುಕೊಂಡರು. ಮೇಲಿನವರೇ ಇಟ್ಟರು ಎಂದು ಕೆಳಗಿನವರು ಅಂದುಕೊಂಡರು. ಅಂದಿನಿಂದ ಇಬ್ಬರೂ ಫೋನ್ ಮುಟ್ಟಿಲ್ಲ. ಮುಟ್ಟದಿದ್ದರೆ ಒಳ್ಳೆಯದೇ ಆಯಿತು ಎಂದು ನಾನು ಖುಷಿಪಟ್ಟಿದ್ದೆ.

ನಿನ್ನೆ ಬೆಳಿಗ್ಗೆಯಿಂದ ಕೆಳಗಿನವರು ಚೀಟಿಗಳನ್ನು ವಾಪಸ್ ಕಳಿಸುತ್ತಿದ್ದಾರೆ: “ಬರಹ ಅರ್ಥವಾಗುವುದಿಲ್ಲ. ಬೇರೆ ಬರೆಯಿರಿ.” ಮೇಲಿನವರು ಅದೇ ಚೀಟಿಯನ್ನು ವಾಪಸ್ ಬಿಡುತ್ತಾರೆ: “ಹನ್ನೊಂದು ವರ್ಷ ಅರ್ಥವಾಗಿತ್ತು.” ಪೆಟ್ಟಿಗೆ ದಿನವಿಡೀ ಮೇಲೆ ಕೆಳಗೆ ಓಡುತ್ತದೆ, ಅದರಲ್ಲಿ ಗಾಜು ಮಾತ್ರ ಇಲ್ಲ. ಅಂಗಡಿಯವರೆಲ್ಲ ಫೋನ್ ಮಾಡಿ “ನಮ್ಮ ಗಾಜು ಎಲ್ಲಿ?” ಎಂದು ಕೇಳುತ್ತಿದ್ದಾರೆ. ಬೆಂಚು ತುಂಬಿ ತುಳುಕುತ್ತಿದೆ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಎಂದಂತಾಯಿತು.

ದೊಡ್ಡವರು ಇವತ್ತು ತಲೆಯಾಡಿಸಲಿಲ್ಲ. ಕ್ಯಾಲೆಂಡರ್ ಕಡೆ ನೋಡಿದರು ಅಷ್ಟೆ.

ಮಾರ್ಚ್ 21, ಶುಕ್ರವಾರ

ಮೂವತ್ತಾರು.

ಮಾರ್ಚ್ 22, ಶನಿವಾರ

ಮಧ್ಯಾಹ್ನ ನನ್ನವಳು ಅಡುಗೆಮನೆಯಲ್ಲಿದ್ದಾಗ ಅತ್ತೆಯವರು ಬಂದು ಎದುರು ಕೂತರು. ಈ ಸಲ ಯಾರ ಮಾತನ್ನೂ ತಂದಿರಲಿಲ್ಲ.

“ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ, ಅಳಿಯಂದ್ರೇ. ನೀವು ಇಪ್ಪತ್ತೆರಡು ಸಲ ಉಂಡು ಮಲಗಿದ್ದೀರಿ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಾಡಿ ನನ್ನ ಮಂಡಿ ಹೋಯ್ತು.”

“ಫೋನ್ ಇಟ್ಟಿದ್ದು ಅವಳು,” ಎಂದೆ.

“ಎಣಿಸಿದ್ದು ಯಾರು?”

ಈ ನೋಟ್‌ಬುಕ್ಕಿನ ಮೊದಲ ಪುಟ ತೆಗೆದು ಮತ್ತೆ ಓದಿದೆ: ಇಪ್ಪತ್ತು, ಹದಿನೈದು, ಹತ್ತು.

ಮಾರ್ಚ್ 24, ಸೋಮವಾರ

ಬೆಳಿಗ್ಗೆ ನೇರವಾಗಿ ನೆಲಮಾಳಿಗೆಗೆ ಇಳಿದೆ. ಕೆಳಗಿನವರು ಮಫ್ಲರಿನೊಳಗೆ ಕೆಮ್ಮುತ್ತಿದ್ದರು. ಮೇಜಿನ ಮೇಲೆ ಫೋನು ಬೋರಲಾಗಿ ಬಿದ್ದಿತ್ತು.

“ಮಂಗಳವಾರ ಫೋನ್ ಇಟ್ಟಿದ್ದು ಮೇಲಿನವರಲ್ಲ,” ಎಂದೆ. “ಯಂತ್ರ ಕತ್ತರಿಸ್ತು. ಯಂತ್ರಕ್ಕೆ ಹೇಳಿದ್ದು ನಾನು. ತಪ್ಪು ನಂದು.”

ಅವರು ತೆರೆದಿದ್ದ ಖಾನೆಯೊಂದನ್ನು ಮುಚ್ಚಿದರು. “ಯಾರು ಇಟ್ರೆ ನನಗೇನು? ಪರೀಕ್ಷೆ ತಾನೆ,” ಎಂದರು. ಆಮೇಲೆ, “ಬರೆದು ಕೊಡಿ,” ಎಂದರು.

ಆರ್ಡರ್ ಚೀಟಿಯ ಮೇಲೆಯೇ ಬರೆದೆ: “ದಿನಾಂಕ 18ರಂದು ಫೋನ್ ಇಟ್ಟವರು ಮೇಲಿನವರಲ್ಲ. ನಾನು.” ಸಹಿ ಹಾಕಿಸಿಕೊಂಡರು. ಶಾಯಿ ಆರುವವರೆಗೆ ಊದಿದರು. ಮೇಲೆ ಹೋಗಿ ಇನ್ನೊಂದು ಬರೆದುಕೊಟ್ಟೆ: “ಇಟ್ಟವರು ಕೆಳಗಿನವರಲ್ಲ. ನಾನು.” ಮೇಲಿನವರು ಅದನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿ, ಮೂರನೇ ಸಲ ಓದಿದರು. “ಹಾಗಾದ್ರೆ ಅವ್ರು ಇಟ್ಟಿಲ್ಲ,” ಎಂದರು. ನನಗೆ ಹೇಳಿದ್ದಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ಈಗ ಯಾರು ಯಾರಿಗೆ ಫೋನ್ ಮಾಡಬೇಕು? ಕತ್ತರಿಸಿದ ದಿನದ ಸರದಿ ಲೆಕ್ಕಕ್ಕಿದೆಯೋ ಇಲ್ಲವೋ ಎಂಬ ಪ್ರಶ್ನೆ ಎದ್ದಿತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನಾನೇ ಕಟ್ಟಿದೆ. ನನ್ನ ಮೇಜಿನಿಂದ ಇಬ್ಬರಿಗೂ ಒಟ್ಟಿಗೆ ರಿಂಗ್ ಆಗುವಂತೆ ಜೋಡಿಸಿದೆ. ಇಬ್ಬರೂ ಒಂದೇ ಸಲಕ್ಕೆ ಎತ್ತಿಕೊಂಡರು. “ಪರೀಕ್ಷೆ ಮತ್ತೆ ಶುರು,” ಎಂದೆ ಆಫೀಸಿನ ಧ್ವನಿಯಲ್ಲಿ. “ನಾನು ಹೇಳುವವರೆಗೆ ಇಡಬೇಡಿ.”

ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆಯಲ್ಲಿ ಗಾಜು ಹತ್ತತೊಡಗಿತು. ಯಂತ್ರದ ಆಜ್ಞೆಯನ್ನು ತೆಗೆದುಹಾಕಿದೆ. ಇವತ್ತು ಜಾಗ ಸಿಗದ ಕರೆಗಳು ಒಂಬತ್ತು.

ಚೀಟಿ ಬರೆದು ಬರೆದು ಕೈ ರೂಢಿಯಾಗಿತ್ತು. ರಾತ್ರಿ ಮನೆಗೂ ಒಂದು ಬರೆದು ಅವಳ ದಿಂಬಿನ ಪಕ್ಕ ಇಟ್ಟೆ: “ಆವತ್ತು ಎಣಿಸಿದ್ದು ನನ್ನ ತಪ್ಪು.”

ಮಾರ್ಚ್ 25, ಮಂಗಳವಾರ

ನನ್ನವಳು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಬೆಳಿಗ್ಗೆ ಚೀಟಿ ನನ್ನ ಊಟದ ಡಬ್ಬಿಯ ಮೇಲಿತ್ತು. ಕೆಂಪು ಪೆನ್ನಿನಲ್ಲಿ ‘ಆವತ್ತು’ ಮುಂದೆ ತಾರೀಖು ಸೇರಿಸಿದ್ದಾಳೆ. ಕೆಳಗೆ ‘ನೋಡಿದೆ’ ಎಂದು ಬರೆದು ಸಣ್ಣ ಸಹಿ. ಮುದ್ರಣಾಲಯದಲ್ಲಿ ಎಲ್ಲ ಪುಟಕ್ಕೂ ಹೀಗೆಯೇ ಹಾಕುತ್ತಾಳೆ. ಕರಡು ಒಪ್ಪಿದಳೋ, ನನ್ನನ್ನು ಒಪ್ಪಿದಳೋ ತಿಳಿಯಲಿಲ್ಲ. ಅತ್ತೆಯವರನ್ನು ಕೇಳಿದೆ. “ಓದು ಬರಹ ನನ್ನ ಇಲಾಖೆ ಅಲ್ಲ,” ಎಂದರು.

ಮಾರ್ಚ್ 26, ಬುಧವಾರ

ಖಾಲಿ ಕರೆಯನ್ನು ಕತ್ತರಿಸುವ ಹಾ‍ಗಿಲ್ಲ ಎಂದ ಮೇಲೆ ಬೆಂಚನ್ನೇ ದೊಡ್ಡದು ಮಾಡಬೇಕು. ಹೊಸ ಬೇಸ್ ಕೇಳಿದರೆ ದೊಡ್ಡವರು ಕೊಡುವುದಿಲ್ಲ. ಇವತ್ತು ಅವರು ಊರಲ್ಲಿರಲಿಲ್ಲ. ಅವರ ಕೋಣೆಯ ಬೇಸನ್ನು ಬಿಚ್ಚಿ ಹೊರಗಿನ ಮೊಗಸಾಲೆಯ ಚಾವಣಿಗೆ ಹಾಕಿದೆ. ಈಗ ಮಹಡಿಗೆಲ್ಲ ಹದಿನಾರು ಜಾಗ.

ಕೋಣೆಯಲ್ಲಿ ಖಾಲಿ ಗೋಡೆ ಕಂಡರೆ ಕೇಳುತ್ತಾರೆ. ಹಾಗಾಗಿ ಕೆಟ್ಟುಹೋದ ಹಳೆಯ ಬೇಸಿನ ಒಳಗಿನದನ್ನೆಲ್ಲ ತೆಗೆದು, ಹಸಿರು ದೀಪವೊಂದನ್ನು ಮಾತ್ರ ಉಳಿಸಿ, ಅದೇ ಮೊಳೆಗೆ ನೇತುಹಾಕಿದೆ. ಜೀವನದಲ್ಲಿ ಇಂಥ ಕೆಲಸ ಮಾಡಿದವನಲ್ಲ. ಆದರೆ ದೀಪ ಚೆನ್ನಾಗಿ ಹತ್ತಿತು.

ಮಾರ್ಚ್ 28, ಶುಕ್ರವಾರ

ಎರಡು ದಿನದಿಂದ ಸೊನ್ನೆ. ಆದರೆ ನನ್ನ ಗ್ರಹಚಾರ ನೋಡಿ. ದೊಡ್ಡವರು ಕರೆಸಿ, ಹಸಿರು ದೀಪದ ಕಡೆ ಪ್ರೀತಿಯಿಂದ ನೋಡುತ್ತಾ ಹೇಳಿದರು: “ನನ್ನ ಬೇಸಿಗೆ ಏನು ಮಾಡಿದ್ರಿ? ಧ್ವನಿ ಈಗ ಎಷ್ಟು ಚೆನ್ನಾಗಿದೆ. ಸೋಮವಾರದಿಂದ ಎಲ್ರಿಗೂ ಇದೇ ಥರ ಸ್ಪಷ್ಟ ಧ್ವನಿ ಕೊಡಿ.”

“ಸ್ಪಷ್ಟ ಧ್ವನಿ ಕೊಟ್ರೆ ಜಾಗ ಅರ್ಧ ಆಗುತ್ತೆ ಸರ್. ಸೋಮವಾರ ಮೂವತ್ತೊಂದನೇ ತಾರೀಖು.”

“ಅದಕ್ಕೇ ಹೇಳಿದ್ದು. ಕೊನೇ ದಿನ ಎಲ್ಲಾ ಚೆನ್ನಾಗಿರ್ಲಿ.”

ಹದಿನಾರು ಮತ್ತೆ ಎಂಟಾಯಿತು. ಹದಿನಾರಿತ್ತು ಎಂದು ಹೇಳುವ ಹಾಗೂ ಇಲ್ಲ. ಮಾಡಿದ್ದುಣ್ಣೋ ಮಹರಾಯ.

ಮಾರ್ಚ್ 31, ಸೋಮವಾರ

ಪೂರ್ತಿ ಬರೆಯುತ್ತೇನೆ, ಇವತ್ತಿನದನ್ನು ಚುಟುಕಾಗಿ ಬರೆಯಲು ಬರುವುದಿಲ್ಲ.

ತಿಂಗಳ ಕೊನೆಯ ದಿನ ಅಂಗಡಿಯವರೆಲ್ಲ ಒಟ್ಟಿಗೆ ಆರ್ಡರ್ ಕೊಡುತ್ತಾರೆ. ಬೆಳಿಗ್ಗೆಯಿಂದ ನನ್ನ ಪರದೆಯಲ್ಲಿ ಆರು, ಏಳು, ಆರು, ಏಳು. ಎರಡು ಗಂಟೆಗೆ ಎಂಟೂ ತುಂಬಿತು. ಅದರಲ್ಲಿ ಮೊದಲನೆಯದು ಎಂದಿನ ಖಾಲಿ ಕರೆ. ಬೆರಳೊಂದು ಒತ್ತಿದರೆ ಅದು ಹೋಗಿ ಒಂದು ಜಾಗ ಉಳಿಯುತ್ತಿತ್ತು. ಒತ್ತಲಿಲ್ಲ. ಇಪ್ಪತ್ತು ನಿಮಿಷ ಪರದೆ ನೋಡುತ್ತಾ ಕೂತೆ. ಒಂಬತ್ತನೆಯ ಕರೆ ಬರಲಿಲ್ಲ.

ಮೂರೂವರೆಗೆ ಎಲ್ಲ ಸ್ವಲ್ಪ ತಣ್ಣಗಾಯಿತು. ಇನ್ನೆರಡು ಗಂಟೆ ಕಳೆದರೆ ಕೆಲಸ ಉಳಿಯಿತು. ಆಗ ಯಾಕೋ ನನ್ನವಳಿಗೆ ಫೋನ್ ಮಾಡಬೇಕು ಅನ್ನಿಸಿತು. ವಿಷಯ ಏನೂ ಇರಲಿಲ್ಲ. ಯೋಚಿಸುತ್ತಾ ಪರದೆ ನೋಡುವುದನ್ನೇ ಮರೆತು ಗುಂಡಿ ಒತ್ತಿದೆ. ಎಂಗೇಜ್. ಅಷ್ಟರಲ್ಲಿ ಬೆಂಚು ಮತ್ತೆ ತುಂಬಿತ್ತು. ಇಡೀ ದಿನದಲ್ಲಿ ಜಾಗ ಸಿಗದ ಒಂದೇ ಒಂದು ಕರೆ, ಅದೂ ನನ್ನದೇ. ಯಂತ್ರ ಅದನ್ನು ನಿಷ್ಠೆಯಿಂದ ಬರೆದಿಟ್ಟುಕೊಂಡಿತು.

ಕೆಟ್ಟದ್ದು ಹೇಗೂ ಕೆಟ್ಟಿತು ಎಂದು ಮತ್ತೆ ಒತ್ತಿದೆ. ಈ ಸಲ ಹೋಯಿತು.

“ಹಲೋ,” ಎಂದಳು. ಮೂವತ್ತೊಂದು ದಿನದ ನಂತರ ಮಧ್ಯೆ ಯಾರೂ ಇಲ್ಲದೆ ಕೇಳಿದ ಅವಳ ಧ್ವನಿ.

“ಏನು ವಿಷಯ?” ಎಂದಳು.

“ಏನೂ ಇಲ್ಲ.”

“ಎಷ್ಟು ಸೆಕೆಂಡ್ ಇದೆ?”

“ಎಣಿಸ್ತಾ ಇಲ್ಲ,” ಎಂದೆ. ಆಮೇಲೆ ಕೇಳಿಯೇಬಿಟ್ಟೆ. “ಆವತ್ತು ಫೋನ್ ಮಾಡಿದ್ಯಲ್ಲ, ಏನು ಹೇಳೋದಿತ್ತು?”

“ಏನೂ ಇರ್ಲಿಲ್ಲ ರೀ. ಸುಮ್ನೆ ಮಾಡಿದ್ದೆ.”

ಸುಮ್ಮನೆ ಮಾಡಿದ್ದಳು. ಅದಕ್ಕೆ ನಾನು ಇಪ್ಪತ್ತು, ಹದಿನೈದು, ಹತ್ತು ಎಂದು ಎಣಿಸಿದ್ದೆ. ನನಗೆ ನಾಚಿಕೆಯಾಯಿತು. ಹಾಗೆಂದು ಹೇಳಲು ಹೋದೆ, “ನನಗೆ ಕೆಲಸ ಇದೆ, ಹದಿನಾರು ಪುಟ ಬಾಕಿ,” ಎಂದಳು. ಇಡುತ್ತಾಳೆ ಎಂದುಕೊಂಡೆ. ಇಡಲಿಲ್ಲ. ಪುಟ ಮಗುಚುವ ಸದ್ದು ಕೇಳಿತು. ಕೆಂಪು ಪೆನ್ನು ಸರ್ರನೆ ಗೀಚುವ ಸದ್ದು. ಯಾರೋ ಬರಹಗಾರರ ತಪ್ಪಿಗೆ ಅವಳು “ಅಯ್ಯೋ ಪುಣ್ಯಾತ್ಮ” ಎಂದು ಗೊಣಗಿದ್ದು.

ಪರದೆ ನೋಡಿದೆ. ಎಂಟು. ಎಂಟನೆಯವನು ನಾನು. ಈಗ ಅಂಗಡಿಯವರು ಯಾರಾದರೂ ಫೋನ್ ಮಾಡಿದರೆ ಜಾಗವಿಲ್ಲ, ಕೆಲಸ ಹೋಯಿತು. ಇಡಬೇಕು ಎಂದು ಗೊತ್ತಿತ್ತು. ಇಡಲಿಲ್ಲ. ನಲವತ್ತು ನಿಮಿಷ. ಯಾವ ದೇವರ ದಯೆಯೋ, ಒಬ್ಬರು ಬಂದರೆ ಒಬ್ಬರು ಎದ್ದರು.

ಐದೂವರೆಗೆ ದೊಡ್ಡವರು ಪಟ್ಟಿ ನೋಡಿದರು. “ಒಂದಿದೆ.”

“ಹೌದು ಸರ್.”

“ಯಾವ ಅಂಗಡಿ?”

“ಅಂಗಡಿ ಅಲ್ಲ ಸರ್. ನಾನು. ಹೆಂಡ್ತಿಗೆ ಮಾಡಿದ್ದು.”

“ಏನು ಅಷ್ಟು ತುರ್ತು?”

“ತುರ್ತು ಏನಿಲ್ಲ ಸರ್. ಸುಮ್ನೆ.”

ಅವರು ಹಸಿರು ದೀಪವನ್ನು ನೋಡುತ್ತಾ ಯೋಚಿಸಿದರು. “ಸಿಬ್ಬಂದಿಯ ಸ್ವಂತ ಕರೆ ಲೆಕ್ಕಕ್ಕಿಲ್ಲ,” ಎಂದು ಒಂದನ್ನು ಹೊಡೆದುಹಾಕಿ ಸೊನ್ನೆ ಬರೆದರು. ನನ್ನ ಕೆಲಸ ಉಳಿಯಿತು.

ರಾತ್ರಿ ಅತ್ತೆಯವರು ಎಂದಿನಂತೆ ಬಾಗಿಲಿಗೆ ಬಂದು, “ಅಳಿಯಂದ್ರೇ, ಊಟಕ್ಕೆ...” ಎನ್ನುವಷ್ಟರಲ್ಲಿ ಒಳಗಿನಿಂದ ನನ್ನವಳೇ, “ಬನ್ನಿ ರೀ, ಆರಿ ಹೋಗುತ್ತೆ,” ಎಂದಳು.

ಅತ್ತೆಯವರು ಒಮ್ಮೆ ಒಳಗೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು. “ಅಂದ್ರೆ ಕಡೆಗೂ ಕೆಲಸ ಹೋಗಿದ್ದು ನಂದು,” ಎಂದು ಮಂಡಿ ತಿಕ್ಕಿಕೊಳ್ಳುತ್ತಾ ತಟ್ಟೆಯ ಮುಂದೆ ಕೂತರು.

ಏಪ್ರಿಲ್ 4, ಶುಕ್ರವಾರ

ಮೂರು ದಿನ ಬರೆಯಲಾಗಲಿಲ್ಲ, ಬಿಡುವಿಲ್ಲ. ಇವತ್ತು ಉಗ್ರಾಣಕ್ಕೆ ಹೋಗಿದ್ದಾಗ ಗಮನಿಸಿದೆ: ಕೆಳಗಿನವರ ಮೇಜಿನ ಗಾಜಿನಡಿ ಹಳದಿ ಚೀಟಿಯ ಮೇಲೆ ನನ್ನ ಚೀಟಿ ಕೂತಿದೆ. ಹಳೆಯದು ಕಾಣುವುದಿಲ್ಲ.

ಗೋಡೆಯ ಮೇಲೆ ಅಂಟಿಸಿದ್ದನ್ನು ಕಿತ್ತೆ. ಅರ್ಧ ಮಾತ್ರ ಬಂತು. “ಕರೆ ಚಿಕ್ಕದಿರಲಿ” ಕೈಗೆ ಬಂತು, “ಮೌನ ಬಂಗಾರ” ಗೋಡೆಯಲ್ಲೇ ಉಳಿಯಿತು. ಇರಲಿ.

ಮಧ್ಯಾಹ್ನ ದೊಡ್ಡವರಿಗೆ ಅರ್ಜಿ ಬರೆದೆ. ಎಡಗಿವಿಗೆ ಹಿಡಿದ ಫೋನಿನಲ್ಲಿ ಪುಟ ಮಗುಚುವ ಸದ್ದು ಕೇಳುತ್ತಿತ್ತು, ಹಾಗಾಗಿ ಎರಡು ಸಲ ತಪ್ಪಾಗಿ ಮೂರನೇ ಸಲಕ್ಕೆ ಸರಿಬಂತು: “ಮೂರನೇ ಮಹಡಿಗೆ ಹೆಚ್ಚಿನ ಬೇಸ್ ಒಂದನ್ನು ಮಂಜೂರು ಮಾಡಬೇಕಾಗಿ ವಿನಂತಿ. ಕಾರಣ: ಬೆಳಿಗ್ಗೆಯಿಂದ ಸಂಜೆಯವರೆಗೆ ನಡೆಯುವ ಪರೀಕ್ಷಾ ಕರೆಗಳು ಒಂದರಿಂದ ಎರಡಾಗಿವೆ.”